ಬಿರ್ಕೆಲೆಂಡ್ ಪಂಡಿತನ ಜೀವನ ವೃತ್ತಾಂತ

೨೦೨೪ನೆಯ ಇಸವಿ ಮೇ ತಿಂಗಳ ೧೦ ಮತ್ತು ೧೧ನೆಯ ತಾರೀಖುಗಳ ನಡುವಣ ರಾತ್ರಿಯಲ್ಲಿ ಲಡಾಖಿನ ಹಾನ್ಲೆ ಎಂಬ ಎತ್ತರದ ಸ್ಥಳದಲ್ಲಿ ಆಕಾಶದ ಬಡಗಣ ಅಂಚು ಕೆಂಪೇರಿದ್ದನ್ನು ಅಲ್ಲಿಯ ಖಗೋಳ ವೀಕ್ಷಣಾಲಯದ ಕ್ಯಾಮೆರಾಗಳು ಹಿಡಿದವು. ಆ ವೀಕ್ಷಣಾಲಯವನ್ನು ನಡಿಸುವವರು ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು. ಬೇಸಗೆಯ ರಜೆ ಮುಗಿದು ಶಾಲೆ ತೆರೆದ ಮೊದಲನೆಯ ವಾರದಲ್ಲಿ ಎಂಟನೆಯ ತರಗತಿಯ ಒಬ್ಬ ಬಾಲಿಕೆಯು ಆ ಚಿತ್ರವನ್ನು ವೃತ್ತಪತ್ರಿಕೆಯಿಂದ ಕತ್ತರಿಸಿ ತಂದು, ಈ ಬೆಂಕಿ ಎಲ್ಲಿ ಬಿದ್ದದ್ದೆಂದು ನಮ್ಮನ್ನು ಕೇಳಿದಳು. ಅದು ಬೆಂಕಿಯಲ್ಲ, ಉತ್ತರ ಧ್ರುವದ ಬಳಿಯ ದೇಶಗಳಲ್ಲಿ ರಾತ್ರಿ ಕಾಲದಲ್ಲಿ ಕಾಣುವ ಧ್ರುವಪ್ರಭೆ, ಅಪರೂಪವಾಗಿ ಇಷ್ಟು ದಕ್ಷಿಣಕ್ಕೂ ಕಂಡಿದೆ, ಎಂದು ಹೇಳಿದೆವು. ಹಾಗಾದರೆ ಆ ದೀಪಕ್ಕೆ ಎಣ್ಣೆ ಹೊಯ್ಯುವವರು ಯಾರೆಂದು ಅವಳು ಮತ್ತೆ ಕೇಳಿದಳು. ಸೂರ್ಯನೆಂದು ಉತ್ತರ ಕೊಟ್ಟೆವು. ಆ ಒಂದು ಮಾತಿನ ಉತ್ತರಕ್ಕಾಗಿ ಒಬ್ಬ ಮನುಷ್ಯನು ತನ್ನ ಆಯುಷ್ಯವನ್ನೂ ಆರೋಗ್ಯವನ್ನೂ ತೆತ್ತನೆಂಬುದನ್ನು ಹೇಳುವಷ್ಟರಲ್ಲಿ ಗಂಟೆ ಹೊಡೆಯಿತು. ಆ ಬಾಕಿಯನ್ನು ಈ ಸಂಚಿಕೆಯಲ್ಲಿ ತೀರಿಸುತ್ತಿದ್ದೇವೆ. ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ತಾಳ್ಮೆಯಿಂದ ಓದಬೇಕೆಂದು ಕೋರುತ್ತೇವೆ.

ಕ್ರಿಸ್ತಿಯಾನ್ ಬಿರ್ಕೆಲೆಂಡನು ನಾರ್ವೆ ದೇಶದ ರಾಜಧಾನಿಯಾದ ಕ್ರಿಸ್ತಿಯಾನಿಯಾ ಪಟ್ಟಣದಲ್ಲಿ ೧೮೬೭ನೆಯ ಇಸವಿ ದಶಂಬರ ೧೩ರಂದು ಹುಟ್ಟಿದನು. ಆ ಪಟ್ಟಣವನ್ನೇ ಈಗ ಓಸ್ಲೋ ಎಂದು ಕರೆಯುತ್ತಾರೆ. ಬಾಲ್ಯದಲ್ಲಿ ಆತನು ತನ್ನ ಸ್ವಂತ ದುಡ್ಡಿನಿಂದ ಮೊಟ್ಟಮೊದಲು ಕೊಂಡ ವಸ್ತು ಒಂದು ಅಯಸ್ಕಾಂತವೆಂದು ಹೇಳುತ್ತಾರೆ. ದೊಡ್ಡವರ ಬಾಲ್ಯದ ಕತೆಗಳನ್ನು ನಾವು ಸಾಧಾರಣವಾಗಿ ಅರ್ಧ ಮಾತ್ರ ನಂಬುವವರು. ಆದರೂ ಈ ಕತೆಯು ಆತನಿಗೆ ಒಪ್ಪುತ್ತದೆ, ಯಾಕಂದರೆ ಆ ಅಯಸ್ಕಾಂತದ ಹುಚ್ಚು ಆತನನ್ನು ಸಾಯುವ ತನಕ ಬಿಡಲಿಲ್ಲ. ವಿಶ್ವವಿದ್ಯಾನಿಲಯದಲ್ಲಿ ಗಣಿತವನ್ನೂ ಭೌತವಿಜ್ಞಾನವನ್ನೂ ಕಲಿತು, ಪಾರಿಸಿನಲ್ಲಿ ಪ್ವಾಂಕರೆಯ ಬಳಿಯಲ್ಲಿಯೂ ಬಾನ್ ಪಟ್ಟಣದಲ್ಲಿ ಹರ್ಟ್ಸನ ಬಳಿಯಲ್ಲಿಯೂ ಶಿಷ್ಯವೃತ್ತಿ ಮಾಡಿ, ೧೮೯೮ರಲ್ಲಿ, ಮೂವತ್ತು ವರುಷ ಪ್ರಾಯದಲ್ಲಿಯೇ, ಸ್ವದೇಶದ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾದನು. ಗಣಿತದಲ್ಲಿಯೇ ನಿಂತಿದ್ದರೆ ನೆಮ್ಮದಿಯ ಜೀವನವಾಗುತ್ತಿತ್ತು.

ಆ ಕಾಲದಲ್ಲಿ ಯೂರೋಪಿನ ಪ್ರಯೋಗಶಾಲೆಗಳಲ್ಲೆಲ್ಲಾ ಕ್ಯಾಥೋಡ್ ಕಿರಣಗಳದೇ ಮಾತು. ಗಾಳಿಯನ್ನು ಬಹುಮಟ್ಟಿಗೆ ಹೀರಿ ತೆಗೆದ ಗಾಜಿನ ಕೊಳವೆಯೊಳಗೆ ವಿದ್ಯುತ್ತನ್ನು ಹಾಯಿಸಿದರೆ ಋಣತುದಿಯಿಂದ ಹೊರಡುವ ಕಿರಣಗಳಿವು. ಇವು ಋಣವಿದ್ಯುತ್ತನ್ನು ಹೊತ್ತ ಅತಿ ಸೂಕ್ಷ್ಮ ಕಣಗಳ ಪ್ರವಾಹವೆಂದು ೧೮೯೭ರಲ್ಲಿ ಇಂಗ್ಲೆಂಡಿನ ಜೆ. ಜೆ. ಥಾಮ್ಸನನು ಸ್ಥಾಪಿಸಿದನು, ನಮ್ಮ ಮಕ್ಕಳು ಎಲೆಕ್ಟ್ರಾನ್ ಎಂದು ಓದುವುದು ಆ ಕಣವನ್ನೇ. ಅದಕ್ಕೆ ಒಂದು ವರುಷ ಮೊದಲೇ ಬಿರ್ಕೆಲೆಂಡನು ಕೊಳವೆಯ ಬಳಿಗೆ ಬಲವಾದ ಅಯಸ್ಕಾಂತವನ್ನು ಹಿಡಿದು, ಆ ಕಿರಣಗಳು ಅಯಸ್ಕಾಂತದ ಧ್ರುವದ ಕಡೆಗೆ, ಆಲಿಕೆಯೊಳಗೆ ಇಳಿಯುವ ನೀರಿನಂತೆ, ಒಟ್ಟಾಗಿ ಸೆಳೆಯಲ್ಪಡುವುದನ್ನು ಕಂಡನು. ಕಂಡೊಡನೆ ಆತನ ಮನಸ್ಸು ಕೊಳವೆಯನ್ನು ಬಿಟ್ಟು ಆಕಾಶಕ್ಕೆ ಹಾರಿತು. ಭೂಮಿಯೂ ಒಂದು ದೊಡ್ಡ ಅಯಸ್ಕಾಂತವೇ. ಧ್ರುವಪ್ರಭೆಯು ಧ್ರುವಗಳ ಸುತ್ತಲಲ್ಲದೆ ಬೇರೆಡೆಯಲ್ಲಿ ಸಾಧಾರಣವಾಗಿ ಕಾಣದು. ಸೂರ್ಯನಲ್ಲಿ ಕಲೆಗಳು ಹೆಚ್ಚಿದ ವರುಷಗಳಲ್ಲಿ ಆ ಪ್ರಭೆಯೂ ಹೆಚ್ಚುವುದೆಂದು ಆಗಲೇ ತಿಳಿದಿತ್ತು. ಹಾಗಾದರೆ ಸೂರ್ಯನಿಂದ ಇಂಥ ಕಿರಣಗಳು ಹೊರಟು ೧೫ ಕೋಟಿ ಕಿಲೋಮೀಟರು ದಾಟಿ ಬಂದು, ಭೂಮಿಯ ಅಯಸ್ಕಾಂತ ಬಲದಿಂದ ಧ್ರುವಗಳ ಕಡೆಗೆ ತಿರುಗಿಸಲ್ಪಟ್ಟು, ಮೇಲಣ ವಾಯುವಿಗೆ ತಾಗಿ ಅದನ್ನು ಬೆಳಗಿಸುತ್ತಿರಬೇಕೆಂದು ೧೮೯೬ರಲ್ಲಿ ಪ್ರಕಟಿಸಿದನು.

ಇದನ್ನು ತಿಳಿಯುವುದಕ್ಕೆ ದೊಡ್ಡ ಗಣಿತ ಬೇಕಿಲ್ಲ. ನಮ್ಮ ಶಾಲೆಯಲ್ಲಿ ಓದಿದವರೆಲ್ಲರೂ ಅಯಸ್ಕಾಂತದ ಮೇಲೆ ಕಾಗದವನ್ನಿಟ್ಟು ಕಬ್ಬಿಣದ ಪುಡಿ ಉದುರಿಸಿ, ಮೆಲ್ಲಗೆ ಬೆರಳಿನಿಂದ ತಟ್ಟಿದ್ದನ್ನು ಮರೆತಿರಲಾರರು. (ಆ ಪುಡಿಯನ್ನು ಪಕ್ಕದವಳ ಜಡೆಯಲ್ಲಿ ಉದುರಿಸಿದವರೂ ಮರೆತಿರಲಾರರು.) ಪುಡಿಯು ಒಂದು ಧ್ರುವದಿಂದ ಇನ್ನೊಂದಕ್ಕೆ ಬಾಗಿದ ಗೆರೆಗಳಾಗಿ ನಿಲ್ಲುತ್ತದೆ. ಭೂಮಿಯ ಸುತ್ತಲೂ ಇಂಥ ಗೆರೆಗಳು ಅದೃಶ್ಯವಾಗಿ ಇವೆಯೆಂದು ಭಾವಿಸಬೇಕು. ವಿದ್ಯುತ್ತನ್ನು ಹೊತ್ತ ಕಣವು ಈ ಗೆರೆಗಳನ್ನು ಅಡ್ಡಹಾಯಲಾರದು. ಅವುಗಳನ್ನು ಬಳ್ಳಿ ಮರವನ್ನು ಸುತ್ತುವಂತೆ ಸುತ್ತುತ್ತಾ ಉದ್ದಕ್ಕೆ ಜಾರುವುದು ಮಾತ್ರ ಸುಲಭ. ಗೆರೆಗಳು ನೆಲಕ್ಕೆ ಇಳಿಯುವುದು ಧ್ರುವಪ್ರದೇಶಗಳಲ್ಲಿ. ಆದುದರಿಂದ ಕಣಗಳು ಇಳಿಯುವುದೂ ಅಲ್ಲಿಯೇ.

ಹೇಳಿದ್ದನ್ನು ತೋರಿಸದೆ ಬಿಡುವ ಸ್ವಭಾವ ಆತನದಲ್ಲ. ಭೂಮಿಯ ಬದಲಿಗೆ ಒಂದು ಲೋಹದ ಗೋಲವನ್ನು ಮಾಡಿಸಿ, ಅದರೊಳಗೆ ವಿದ್ಯುದಯಸ್ಕಾಂತವನ್ನಿಟ್ಟು, ಕಿರಣ ತಾಗಿದಲ್ಲಿ ಮಿನುಗುವ ಲೇಪವನ್ನು ಮೇಲೆ ಬಳಿದನು. ಇಂಥ ಗೋಲಕ್ಕೆ ತೆರೆಲ್ಲಾ, ಅಂದರೆ ಕಿರುಭೂಮಿ, ಎಂಬ ಹೆಸರನ್ನು ೧೬೦೦ರಲ್ಲಿಯೇ ಇಂಗ್ಲೆಂಡಿನ ಗಿಲ್ಬರ್ಟನು ಇಟ್ಟಿದ್ದನು. ಬಿರ್ಕೆಲೆಂಡನು ಈ ಕಿರುಭೂಮಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ತೂಗಹಾಕಿ, ಗಾಳಿಯನ್ನು ಹೀರಿ ತೆಗೆದು, ಸೂರ್ಯನ ಸ್ಥಾನದಲ್ಲಿ ಋಣತುದಿಯನ್ನಿಟ್ಟು ವಿದ್ಯುತ್ತನ್ನು ಹಾಯಿಸಿದನು. ಗೋಲದ ಎರಡು ಧ್ರುವಗಳ ಸುತ್ತಲೂ ಎರಡು ಬೆಳಕಿನ ಬಳೆಗಳು ಮೂಡಿದವು. ಕಾಲಕ್ರಮದಲ್ಲಿ ಪೆಟ್ಟಿಗೆಗಳು ದೊಡ್ಡವಾಗುತ್ತಾ ಹೋಗಿ, ಕಡೆಯದು ಸುಮಾರು ೧೦೦೦ ಲೀಟರು ಹಿಡಿಯುವಷ್ಟಾಯಿತು. ಆತನ ಸಹೋದ್ಯೋಗಿ ಗಣಿತಜ್ಞನಾದ ಕಾರ್ಲ್ ಸ್ತ್ಯೋರ್ಮರನು ಈ ಪ್ರಯೋಗವನ್ನು ನೋಡಿ, ಅಂಥ ಕಣಗಳು ನಡೆಯುವ ದಾರಿಗಳನ್ನು ವರುಷಗಟ್ಟಲೆ ಕುಳಿತು ಲೆಕ್ಕಹಾಕಿದನು.

ಆದರೆ ಪೆಟ್ಟಿಗೆಯೊಳಗಿನ ಭೂಮಿ ಭೂಮಿಯಲ್ಲವಷ್ಟೆ. ನಿಜವಾದ ಧ್ರುವಪ್ರಭೆಯ ಕೆಳಗೆ ನಿಂತು ಅಯಸ್ಕಾಂತ ಸೂಜಿಯನ್ನು ನೋಡಬೇಕಾಗಿತ್ತು. ಪ್ರಭೆ ಕುಣಿಯುವಾಗ ಸೂಜಿಯೂ ಅದರುವುದು ಬಹುಕಾಲದಿಂದ ತಿಳಿದ ಸಂಗತಿ. ಸೂಜಿ ಅದರಿತೆಂದರೆ ಹತ್ತಿರದಲ್ಲಿ ಎಲ್ಲಿಯೋ ವಿದ್ಯುತ್ಪ್ರವಾಹ ಹರಿಯುತ್ತಿದೆಯೆಂದು ಅರ್ಥ. ಆ ಪ್ರವಾಹವು ಎಷ್ಟು, ಯಾವ ದಿಕ್ಕಿಗೆ, ಎಷ್ಟು ಎತ್ತರದಲ್ಲಿ ಎಂಬುದನ್ನು ಕಂಡುಹಿಡಿಯುವುದಕ್ಕೆ ಬಿರ್ಕೆಲೆಂಡನು ನಾರ್ವೆಯ ಉತ್ತರದ ತುದಿಗೆ, ಚಳಿಗಾಲದಲ್ಲಿ ಸೂರ್ಯನೇ ಹುಟ್ಟದ ಸೀಮೆಗೆ, ಹೊರಟನು. ಆಲ್ತಾ ಎಂಬ ಸ್ಥಳದ ಬಳಿಯ ಹಾಲ್ದೆ ಬೆಟ್ಟದ ಮೇಲೆ, ಸಮುದ್ರಮಟ್ಟಕ್ಕಿಂತ ಸುಮಾರು ೯೦೦ ಮೀಟರು ಎತ್ತರದಲ್ಲಿ, ೧೮೯೯ರಲ್ಲಿ ಕಲ್ಲಿನ ವೀಕ್ಷಣಾಲಯವನ್ನು ಕಟ್ಟಿಸಿದನು. ಧ್ರುವಪ್ರಭೆಯನ್ನು ನೋಡುವುದಕ್ಕೆಂದೇ ನೆಲೆಯಾಗಿ ಕಟ್ಟಿದ ವೀಕ್ಷಣಾಲಯಗಳಲ್ಲಿ ಅದು ಜಗತ್ತಿನಲ್ಲಿಯೇ ಮೊದಲನೆಯದು. ಅಲ್ಲಿಯ ಬಿರುಗಾಳಿಗೆ ಮನುಷ್ಯನು ನೆಟ್ಟಗೆ ನಿಲ್ಲುವುದೂ ಕಷ್ಟ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಈ ಯಾತ್ರೆಗಳ ವೆಚ್ಚವು ಹಣದಲ್ಲಿ ಮಾತ್ರ ತೀರಲಿಲ್ಲ. ವೈದ್ಯನಾಗಬೇಕೆಂದು ಓದುತ್ತಿದ್ದ ಬ್ಯೋರ್ನ್ ಹೆಲ್ಲಾಂಡ್ ಹಾನ್ಸೆನ್ ಎಂಬ ತರುಣನು ಮೊದಲಿನ ಯಾತ್ರೆಯೊಂದರಲ್ಲಿ ಹಿಮಗಾಳಿಗೆ ಸಿಕ್ಕಿ ಎರಡು ಕೈಗಳಲ್ಲಿಯೂ ಹಲವು ಬೆರಳುಗಳ ತುದಿಗಳನ್ನು ಕಳೆದುಕೊಂಡನು. ಬೆರಳಿಲ್ಲದ ಕೈಗೆ ವೈದ್ಯವೃತ್ತಿ ಒದಗಲಿಲ್ಲ. ಹಾಲ್ದೆಯಲ್ಲಿ ಕಳೆದ ಮೊದಲನೆಯ ಚಳಿಗಾಲದ ಯಾತ್ರೆಯಲ್ಲಿ ಇನ್ನೊಬ್ಬ ಸಹಾಯಕನು ಹಿಮದ ಕುಸಿತದ ಕೆಳಗೆ ಹೂತುಹೋಗಿ ಮೃತನಾದನು. ಹಾನ್ಸೆನನು ಎದೆಗುಂದದೆ ಸಮುದ್ರವಿಜ್ಞಾನವನ್ನು ಹಿಡಿದು ಅದರಲ್ಲಿ ಜಗತ್ಪ್ರಸಿದ್ಧನಾದನೆಂಬುದು ನಿಜ. ಆದರೆ ಶಿಷ್ಯನು ತನ್ನ ಪೌರುಷದಿಂದ ಎದ್ದುಬಂದದ್ದನ್ನು ಗುರುವಿನ ಜಮೆಗೆ ಬರೆಯುವುದು ನ್ಯಾಯವಲ್ಲ. ಅನ್ಯರ ಮಕ್ಕಳನ್ನು ಒಪ್ಪಿಸಿಕೊಂಡು, ಊರಿನ ಕೆರೆಯ ತನಕ ಕರೆದುಕೊಂಡು ಹೋಗಿ ಬರುವುದಕ್ಕೂ ಹತ್ತು ಸಲ ತಲೆ ಎಣಿಸುವ ನಮ್ಮಂಥವರಿಗೆ ಬಿರ್ಕೆಲೆಂಡನ ಜೀವನದ ಈ ಪುಟವನ್ನು ಓದುವಾಗ ಮನಸ್ಸು ಹಿಂಡುತ್ತದೆ. ಆತನು ತನ್ನ ದೇಹವನ್ನು ಲೆಕ್ಕಿಸಲಿಲ್ಲ, ಸರಿ. ಪರರ ದೇಹದ ವಿಷಯದಲ್ಲಿ ಹೆಚ್ಚು ಎಚ್ಚರಿಕೆ ಇರಬೇಕಾಗಿತ್ತೆಂದು ನಮ್ಮ ಅಭಿಪ್ರಾಯ.

೧೯೦೨ರಿಂದ ೧೯೦೩ರ ವರೆಗೆ ಆತನು ಎಲ್ಲಕ್ಕಿಂತ ದೊಡ್ಡ ಕೆಲಸವನ್ನು ಕೈಕೊಂಡನು. ನಾರ್ವೆಯ ಕಾಫ್ಯೋರ್ಡ್, ಐಸ್‌ಲೆಂಡಿನ ಪಶ್ಚಿಮ ತೀರ, ಸ್ಪಿಟ್ಸ್‌ಬರ್ಗೆನಿನ ಬಳಿಯ ಒಂದು ದ್ವೀಪ, ರಷ್ಯಕ್ಕೆ ಸೇರಿದ ನೊವಾಯಾ ಜೆಮ್ಲ್ಯಾ, ಈ ನಾಲ್ಕು ಕಡೆಗಳಲ್ಲಿ ಒಂದೇ ಕಾಲದಲ್ಲಿ ಸೂಜಿಗಳ ಅಲುಗಾಟವನ್ನು ಬರೆದಿಡುವ ಏರ್ಪಾಡು ಮಾಡಿದನು. ಅದೂ ಸಾಲದೆಂದು ಲೋಕದ ಇತರ ವೀಕ್ಷಣಾಲಯಗಳಿಗೆ ಕಾಗದ ಬರೆದು ಅದೇ ದಿನಗಳ ದಾಖಲೆಗಳನ್ನು ತರಿಸಿಕೊಂಡನು. ನಮ್ಮ ದೇಶದ ಮುಂಬಯಿ ಮತ್ತು ಡೆಹ್ರಾಡೂನ್ ವೀಕ್ಷಣಾಲಯಗಳ ಹಾಳೆಗಳೂ ಆತನ ಮೇಜಿನ ಮೇಲೆ ಬಂದವು. ಇವೆಲ್ಲವನ್ನೂ ಹೋಲಿಸಿ ಬರೆದ ಬೃಹದ್ಗ್ರಂಥವು ೧೯೦೮ರಲ್ಲಿಯೂ ೧೯೧೩ರಲ್ಲಿಯೂ ಎರಡು ಭಾಗಗಳಾಗಿ ಹೊರಬಂತು.

ಆ ಗ್ರಂಥದ ತಿರುಳು ಇಷ್ಟು. ಧ್ರುವಪ್ರದೇಶದಲ್ಲಿ ಆಗಾಗ್ಗೆ ಕೆಲವು ಗಂಟೆಗಳ ಮಟ್ಟಿಗೆ ಒಂದು ಅಯಸ್ಕಾಂತದ ಬಿರುಗಾಳಿ ಎದ್ದು ಅಡಗುತ್ತದೆ. ಆ ಕಾಲದಲ್ಲಿ ಮಹಾ ವಿದ್ಯುತ್ಪ್ರವಾಹವೊಂದು ಪ್ರಭೆಯ ಪಟ್ಟಿಯನ್ನನುಸರಿಸಿ ಅಡ್ಡಲಾಗಿ ಹರಿಯುತ್ತದೆ. ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು? ಮೇಲಣ ಆಕಾಶದಿಂದ ಅಯಸ್ಕಾಂತದ ಗೆರೆಗಳ ಉದ್ದಕ್ಕೆ ಕೆಳಗಿಳಿದು, ಸುಮಾರು ೧೦೦ ಕಿಲೋಮೀಟರು ಎತ್ತರದಲ್ಲಿ ಅಡ್ಡ ಹರಿದು, ಮತ್ತೊಂದು ಗೆರೆಯ ಉದ್ದಕ್ಕೆ ಮೇಲಕ್ಕೇರಿ ಹೊರಟುಹೋಗುತ್ತದೆಂದು ಬಿರ್ಕೆಲೆಂಡನು ನಿಶ್ಚಯಿಸಿದನು. ಹೀಗೆ ಭೂಮಿಯು ಒಂಟಿಯಾಗಿ ತೇಲುವ ಉಂಡೆಯಾಗದೆ, ಅಗೋಚರವಾದ ತಂತಿಗಳಿಂದ ಹೊರಗಣ ಆಕಾಶಕ್ಕೆ ಕಟ್ಟಲ್ಪಟ್ಟದ್ದಾಯಿತು. ಜನರು ನಂಬಲಾರದೆ ಹೋದದ್ದು ಈ ಕಡೆಯ ಮಾತನ್ನು.

ಇಷ್ಟೆಲ್ಲಾ ಯಾತ್ರೆಗಳಿಗೂ ಪೆಟ್ಟಿಗೆಗಳಿಗೂ ದುಡ್ಡು ಎಲ್ಲಿಂದ ಬರಬೇಕು? ಸರಕಾರ ಕೊಟ್ಟದ್ದು ಸಾಲಲಿಲ್ಲ. ಬಿರ್ಕೆಲೆಂಡನು ಸಿಡಿಮದ್ದಿಲ್ಲದೆ ವಿದ್ಯುದಯಸ್ಕಾಂತದಿಂದ ಗುಂಡು ಎಸೆಯುವ ಒಂದು ಫಿರಂಗಿಯನ್ನು ಕಂಡುಹಿಡಿದು ಅದನ್ನು ಮಾರಬೇಕೆಂದಿದ್ದನು. ೧೯೦೩ರಲ್ಲಿ ವಿಶ್ವವಿದ್ಯಾನಿಲಯದ ದೊಡ್ಡ ಸಭಾಂಗಣದಲ್ಲಿ ಗಣ್ಯರ ಎದುರಿಗೆ ಅದರ ಪ್ರದರ್ಶನ ನಡೆಯಿತು. ಗುಂಡಿ ಒತ್ತಿದ್ದೇ ತಡ, ತಂತಿಗಳು ಒಂದಕ್ಕೊಂದು ತಾಗಿ, ಭಯಂಕರವಾದ ಸದ್ದಿನೊಡನೆ ಫಿರಂಗಿಯ ಬಾಯಿಂದ ಉರಿಯು ನಾಲಗೆ ಚಾಚಿತು. ಸಭಿಕರು ದಿಕ್ಕಾಪಾಲಾದರು. ಯಾರಿಗೂ ಗಾಯವಾಗಲಿಲ್ಲವಾದರೂ ಫಿರಂಗಿಯನ್ನು ಕೊಳ್ಳುವವರು ಉಳಿಯಲಿಲ್ಲ.

ಬೇರೊಬ್ಬರಾಗಿದ್ದರೆ ತಲೆಯೆತ್ತುತ್ತಿರಲಿಲ್ಲ. ಅದೇ ದಿನಗಳಲ್ಲಿ ಸಾಮ್ ಐದೆ ಎಂಬ ಇಂಜಿನಿಯರನು ಒಂದು ಔತಣದಲ್ಲಿ ಬಿರ್ಕೆಲೆಂಡನನ್ನು ಕಂಡು, ಗಾಳಿಯಲ್ಲಿರುವ ಸಾರಜನಕವನ್ನು ಗೊಬ್ಬರವಾಗಿ ಮಾಡಬೇಕಾದರೆ ಮಿಂಚನ್ನೇ ಕೈಯಲ್ಲಿ ಹಿಡಿಯಬೇಕಾಗಿದೆಯೆಂದು ಹೇಳಿದನು. ಹಾಳಾದ ಫಿರಂಗಿಯ ಆ ಉರಿಯೇ ಇದಕ್ಕೆ ಒದಗಿಬಂತು. ವಿದ್ಯುತ್ತಿನ ಉರಿಯನ್ನು ಅಯಸ್ಕಾಂತದ ನಡುವೆ ಹಿಡಿದರೆ ಅದು ಚಕ್ರದಂತೆ ಅಗಲವಾಗಿ ಹರಡುವುದು. ಆ ಚಕ್ರದೊಳಗೆ ಗಾಳಿಯನ್ನು ಊದಿದರೆ ಸಾರಜನಕವೂ ಆಮ್ಲಜನಕವೂ ಕೂಡುವುವು. ಅದರಿಂದ ಪೈರಿಗೆ ಬೇಕಾದ ಲವಣವನ್ನು ಮಾಡಬಹುದು. ೧೯೦೫ರಲ್ಲಿ ನೊತೊದ್ದೆನ್ ಎಂಬಲ್ಲಿ ಕಾರ್ಖಾನೆ ಹೊತ್ತಿತು. ಅದೇ ವರುಷದ ದಶಂಬರದಲ್ಲಿ ನಾರ್ಸ್ಕ್ ಹೈಡ್ರೋ ಎಂಬ ದೊಡ್ಡ ಕಂಪೆನಿ ಹುಟ್ಟಿತು. ಮುಂದೆ ಜರ್ಮನಿಯ ಹೇಬರ್ ಮತ್ತು ಬಾಷ್ ಎಂಬವರ ವಿಧಾನವು ಕಡಿಮೆ ವಿದ್ಯುತ್ತಿನಲ್ಲಿ ಅದೇ ಕೆಲಸವನ್ನು ಸಾಧಿಸಿದ್ದರಿಂದ ಈ ಉರಿಯ ಕುಲುಮೆಗಳು ಆರಿಹೋದವು. ಆದರೂ ಅಷ್ಟರಲ್ಲಿ ಬಿರ್ಕೆಲೆಂಡನಿಗೆ ಹಣ ಬಂದಿತ್ತು. ಆತನು ಅದರಿಂದ ಮಹಲು ಕಟ್ಟಿಸಲಿಲ್ಲ. ದೊಡ್ಡ ಗಾಜಿನ ಪೆಟ್ಟಿಗೆಯನ್ನು ಕಟ್ಟಿಸಿದನು. ನೊಬೆಲ್ ಬಹುಮಾನಕ್ಕೆ ಹಲವು ಬಾರಿ ಆತನ ಹೆಸರು ಸೂಚಿತವಾಯಿತು, ಒಮ್ಮೆಯೂ ದೊರೆಯಲಿಲ್ಲ.

ಮನೆವಾರ್ತೆಯ ವಿಷಯ ಹೆಚ್ಚು ಹೇಳುವುದಕ್ಕಿಲ್ಲ. ೧೯೦೫ರಲ್ಲಿ ಈದಾ ಹಾಮರ್ ಎಂಬಾಕೆಯನ್ನು ಮದುವೆಯಾದನು, ಮಕ್ಕಳಾಗಲಿಲ್ಲ, ೧೯೧೧ರಲ್ಲಿ ಅವರು ಬೇರೆಯಾದರು. ಹಗಲಿರುಳು ಪ್ರಯೋಗಶಾಲೆಯಲ್ಲಿ ಇರುವವನ ಮನೆಯಲ್ಲಿ ದೀಪ ಹಚ್ಚಿ ಕಾದಿರುವುದು ಯಾರಿಗಾದರೂ ಸುಲಭವಲ್ಲ. ಆತನಿಗೆ ನಿದ್ರೆ ಬಾರದ ರೋಗ ಹಿಡಿಯಿತು. ನಿದ್ರೆಗಾಗಿ ವೆರೊನಾಲ್ ಎಂಬ ಮದ್ದನ್ನು ಸೇವಿಸುವ ಅಭ್ಯಾಸವೂ ಮದ್ಯದ ಅಭ್ಯಾಸವೂ ಜೊತೆಗೂಡಿದವು.

ಈ ನಡುವೆ ವಿದ್ವಾಂಸರ ಆಕ್ಷೇಪಣೆಗಳು ಬಂದವು. ೧೯೧೧ರಲ್ಲಿ ಇಂಗ್ಲೆಂಡಿನ ಶುಸ್ಟರನು ಎತ್ತಿದ ಆಕ್ಷೇಪಣೆಯು ಬಲವಾದದ್ದು. ಋಣವಿದ್ಯುತ್ತಿನ ಕಣಗಳು ಒಂದನ್ನೊಂದು ದೂಡುವುವು. ಸೂರ್ಯನಿಂದ ಅವು ಮಾತ್ರ ಗುಂಪಾಗಿ ಹೊರಟರೆ ದಾರಿಯಲ್ಲಿಯೇ ಚದರಿಹೋಗದೆ ಭೂಮಿಯನ್ನು ಹೇಗೆ ತಲಪುವುವು? ಬಿರ್ಕೆಲೆಂಡನ ಮೊದಲನೆಯ ಸಿದ್ಧಾಂತಕ್ಕೆ ಇದಕ್ಕೆ ಉತ್ತರವಿರಲಿಲ್ಲ. ಆತನು ಸೋತೆನೆಂದು ಕೈಬಿಡದೆಯೂ ಹಠಹಿಡಿದು ಅದನ್ನೇ ಜಪಿಸದೆಯೂ ಯೋಚಿಸುತ್ತಾ ಹೋಗಿ, ೧೯೧೬ರ ಹೊತ್ತಿಗೆ, ಸೂರ್ಯನಿಂದ ಬರುವುದು ಋಣಕಣಗಳು ಮಾತ್ರವಲ್ಲ, ಧನಕಣಗಳು ಮಾತ್ರವೂ ಅಲ್ಲ, ಎರಡು ಬಗೆಯವೂ ಕೂಡಿಯೇ ಬರುವುವೆಂದು ಬರೆದನು. ಧ್ರುವಪ್ರದೇಶದಲ್ಲಿ ಪ್ರಭೆಯೂ ಸೂಜಿಯ ಅಲುಗಾಟವೂ ಸಂಪೂರ್ಣವಾಗಿ ನಿಂತ ದಿನವೇ ಇಲ್ಲದಿರುವುದರಿಂದ, ಈ ಪ್ರವಾಹವು ಎಡೆಬಿಡದೆ ಬೀಸುತ್ತಲೇ ಇರಬೇಕೆಂದೂ ಆತನು ಕಂಡಿದ್ದನು. ಸಂಧಿಸಿದ ಈ ಎರಡು ಮಾತುಗಳಲ್ಲಿ ಇಂದಿನ ಸೌರಮಾರುತದ ವರ್ಣನೆ ಮುಕ್ಕಾಲು ಪಾಲು ಇದೆ.

ಅಷ್ಟರಲ್ಲಿ ಆತನು ಸ್ವದೇಶದಲ್ಲಿ ಇರಲಿಲ್ಲ. ೧೯೧೩ರಲ್ಲಿ ಐಗುಪ್ತ ದೇಶಕ್ಕೆ ಹೋಗಿ, ಸೂರ್ಯಾಸ್ತದ ಬಳಿಕ ಪಡುವಣದಲ್ಲಿ ಕೋನಾಕಾರವಾಗಿ ಕಾಣುವ ಮಂಕು ಬೆಳಕನ್ನು ಪರೀಕ್ಷಿಸುತ್ತಿದ್ದನು. ಅದೂ ಸೂರ್ಯನ ವಿದ್ಯುತ್ಕಣಗಳದೇ ಕೆಲಸವೆಂದು ಆತನ ಊಹೆ; ಇದರಲ್ಲಿ ತಪ್ಪಿದನು, ಯಾಕಂದರೆ ಅದು ಆಕಾಶದ ಧೂಳಿನ ಮೇಲೆ ಬಿದ್ದ ಬಿಸಿಲು. ಶನಿಗ್ರಹದ ಬಳೆಗಳನ್ನೂ ತನ್ನ ಪೆಟ್ಟಿಗೆಯಲ್ಲಿಯೇ ಕಾಣಲೆಳಸಿದ್ದನೆಂಬುದನ್ನೂ ಹೇಳಿಬಿಡೋಣ. ಒಂದು ಕೀಲಿಕೈಯಿಂದ ಒಂದು ಬಾಗಿಲು ತೆರೆದವನಿಗೆ ಎಲ್ಲ ಬಾಗಿಲುಗಳಿಗೂ ಅದನ್ನೇ ಹಾಕಿನೋಡುವ ಆಸೆ ಸಹಜ. ೧೯೧೪ರಲ್ಲಿ ಮಹಾಯುದ್ಧವು ಆರಂಭವಾಗಿ, ಐಗುಪ್ತದಲ್ಲಿ ಒಂಟಿಯಾಗಿದ್ದ ಆತನಿಗೆ ಆಂಗ್ಲರು ತನ್ನನ್ನು ಹೊಂಚುತ್ತಿದ್ದಾರೆಂಬ ಭಯ ಹತ್ತಿತು. ಸ್ವದೇಶಕ್ಕೆ ನೇರವಾದ ಸಮುದ್ರಮಾರ್ಗವು ಅಪಾಯಕರವಾಗಿದ್ದುದರಿಂದ ಪೂರ್ವಕ್ಕೆ ಸುತ್ತುಹಾಕಿ ಹೋಗಬೇಕೆಂದು ೧೯೧೭ರಲ್ಲಿ ಜಪಾನನ್ನು ತಲಪಿದನು. ಅಲ್ಲಿಯ ಭೌತವಿಜ್ಞಾನಿಗಳಲ್ಲಿ ಆತನಿಗೆ ಪರಿಚಿತರಿದ್ದರು. ಅದೇ ವರುಷ ಜೂನ್ ೧೫ರಂದು ತೋಕಿಯೋ ಪಟ್ಟಣದ ಒಂದು ಹೋಟೆಲಿನ ಕೊಠಡಿಯಲ್ಲಿ ಮೃತನಾಗಿ ಸಿಕ್ಕಿದನು. ವೈದ್ಯರು ಹೇಳಿದ್ದಕ್ಕಿಂತ ಬಹು ಹೆಚ್ಚಾಗಿ ನಿದ್ರೆಯ ಮದ್ದನ್ನು ಸೇವಿಸಿದ್ದನು. ಪ್ರಾಯ ೪೯. ಬೇಕೆಂದು ಮಾಡಿದ್ದೋ ಬೇಸತ್ತ ಕೈಯ ತಪ್ಪೋ ಎಂಬುದನ್ನು ವಿಚಾರಿಸುವುದು ನಮಗೆ ಸೇರಿದ್ದಲ್ಲ. ಆತನನ್ನು ಆ ದಿನಗಳಲ್ಲಿ ಕಂಡಿದ್ದ ಭೌತವಿಜ್ಞಾನಿ ತೊರಾಹಿಕೊ ತೆರಾದಾ ಎಂಬವನು, ಬಹಳ ವರುಷಗಳ ತರುವಾಯ, ಹೆಸರಿನ ಮೊದಲಕ್ಷರವನ್ನು ಮಾತ್ರ ಹೇಳಿ ಆ ಮರಣದ ವಿಷಯವಾಗಿ ಒಂದು ಪ್ರಬಂಧವನ್ನು ಬರೆದನು.

ಜೀವನಚರಿತ್ರೆ ಇಲ್ಲಿಗೆ ಮುಗಿಯಬೇಕು. ಆದರೆ ಬಿರ್ಕೆಲೆಂಡನ ಮಟ್ಟಿಗೆ ಮುಖ್ಯವಾದ ಭಾಗವು ಆತನು ಸತ್ತ ಮೇಲೆ ನಡೆಯಿತು.

ಆತನ ಬಳಿಕ ಈ ಶಾಸ್ತ್ರದಲ್ಲಿ ಹಿರಿಯನಾದವನು ಇಂಗ್ಲೆಂಡಿನ ಸಿಡ್ನಿ ಚಾಪ್ಮನ್. ಇವನು ಗಣಿತದಲ್ಲಿ ಮಹಾಪ್ರೌಢನು. ಸೂರ್ಯನ ಕಣಪ್ರವಾಹವು ಬಂದು ತಾಗಿದಾಗ ಭೂಮಿಯ ಅಯಸ್ಕಾಂತ ಕ್ಷೇತ್ರವು ಒತ್ತಲ್ಪಟ್ಟು, ಪ್ರವಾಹದ ನಡುವೆ ಭೂಮಿಯ ಸುತ್ತ ಒಂದು ಪೊಳ್ಳು ಉಂಟಾಗುವುದೆಂದು ಫೆರಾರೊ ಎಂಬ ಶಿಷ್ಯನೊಡನೆ ೧೯೩೧ರ ಸುಮಾರಿಗೆ ತೋರಿಸಿಕೊಟ್ಟನು, ಅದು ಸರಿಯಾದದ್ದೇ. ಆದರೆ ಮೇಲಿನಿಂದ ಇಳಿದು ಮೇಲಕ್ಕೇರುವ ಬಿರ್ಕೆಲೆಂಡನ ಪ್ರವಾಹಗಳನ್ನು ಇವನು ಒಪ್ಪಲಿಲ್ಲ. ಪ್ರವಾಹವೆಲ್ಲಾ ಮೇಲಣ ವಾಯುವಿನಲ್ಲಿಯೇ ಅಡ್ಡಲಾಗಿ ಸುತ್ತಿ ಮುಗಿಯುವುದೆಂದು ಇವನ ಮತ. ಇದರಲ್ಲಿ ಒಂದು ವಿಚಿತ್ರವಿದೆ. ನೆಲದ ಮೇಲೆ ಎಷ್ಟೇ ಸೂಜಿಗಳನ್ನಿಟ್ಟು ಎಷ್ಟೇ ವರುಷ ನೋಡಿದರೂ ಈ ಎರಡು ಮತಗಳಲ್ಲಿ ಯಾವುದು ನಿಜವೆಂದು ಸೂಜಿಗಳು ಹೇಳಲಾರವು. ಎರಡು ವಿಧದ ಪ್ರವಾಹಗಳೂ ನೆಲದ ಸೂಜಿಯನ್ನು ಒಂದೇ ರೀತಿಯಲ್ಲಿ ತಿರುಗಿಸಬಲ್ಲವು. ಹೆಲ್ಲಾಂಡ್ ಹಾನ್ಸೆನನ ಬೆರಳುಗಳನ್ನೂ ಒಬ್ಬ ಯುವಕನ ಪ್ರಾಣವನ್ನೂ ತೆಗೆದುಕೊಂಡ ಆ ಬೆಟ್ಟವು ಕೇಳಿದ ಪ್ರಶ್ನೆಗೆ ಉತ್ತರ ಕೊಡುವಷ್ಟು ಎತ್ತರವಾಗಿರಲೇ ಇಲ್ಲ. ಪ್ರವಾಹದೊಳಗೇ ಹೊಕ್ಕು ನ್ಯಾಯ ಹೇಳುವ ಸಾಕ್ಷಿ ಬೇಕಾಗಿತ್ತು. ಅಂಥ ಸಾಕ್ಷಿ ಆಗ ಲೋಕದಲ್ಲಿಯೇ ಇರಲಿಲ್ಲ. ಚಾಪ್ಮನನ ಗಣಿತವು ಅಂದವಾಗಿತ್ತು, ನಾರ್ವೆಯವನು ಸತ್ತುಹೋಗಿದ್ದನು. ಸ್ವೀಡನಿನ ಹಾನೆಸ್ ಆಲ್ಫ್ವೇನನು ಮಾತ್ರ ೧೯೩೯ರಿಂದ ಬಿರ್ಕೆಲೆಂಡನ ಪಕ್ಷವನ್ನು ಹಿಡಿದು ನಿಂತನು. ೧೯೭೦ರ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದವನು ಈತನೇ.

ಮೊದಲು ಸೌರಮಾರುತದ ವಿಷಯ ತೀರ್ಮಾನವಾಯಿತು. ಧೂಮಕೇತುವಿನ ಬಾಲವು ಯಾವಾಗಲೂ ಸೂರ್ಯನಿಗೆ ಬೆನ್ನಾಗಿ ಚಾಚಿರುವುದನ್ನು ನೋಡಿ, ಸೂರ್ಯನಿಂದ ಕಣಗಳು ಸತತವಾಗಿ ಹೊರಡುತ್ತಿರಬೇಕೆಂದು ಜರ್ಮನಿಯ ಬೀರ್ಮನನು ೧೯೫೧ರಲ್ಲಿ ಹೇಳಿದನು. ಸೂರ್ಯನ ಹೊರಗಣ ವಾತಾವರಣವು ಅತಿ ಬಿಸಿಯಾಗಿರುವುದರಿಂದ ಅದು ನಿಲ್ಲಲಾರದೆ ಎಲ್ಲ ಕಡೆಗೂ ಬೀಸಿ ಹೋಗಲೇಬೇಕೆಂದು ೧೯೫೮ರಲ್ಲಿ ಅಮೇರಿಕದ ಯೂಜೀನ್ ಪಾರ್ಕರನು ಲೆಕ್ಕಹಾಕಿದನು. ಆ ಲೇಖನವನ್ನು ಪರೀಕ್ಷಕರು ತಿರಸ್ಕರಿಸಿದರೂ ಪತ್ರಿಕೆಯ ಸಂಪಾದಕರಾಗಿದ್ದ ನಮ್ಮ ದೇಶದವರಾದ ಸುಬ್ರಹ್ಮಣ್ಯನ್ ಚಂದ್ರಶೇಖರರು ಗಣಿತದಲ್ಲಿ ತಪ್ಪು ಕಾಣದೆ ಅದನ್ನು ಅಚ್ಚುಹಾಕಿಸಿದರು. ೧೯೬೨ರಲ್ಲಿ ಶುಕ್ರಗ್ರಹದ ಕಡೆಗೆ ಹೋದ ಮ್ಯಾರಿನರ್ ೨ ಎಂಬ ನೌಕೆಯು ಆ ಗಾಳಿಯನ್ನು ದಾರಿಯುದ್ದಕ್ಕೂ ಅಳೆಯಿತು. ಗಾಳಿಯೆಂದರೆ ನಮ್ಮ ತೆಂಗಿನ ಗರಿಗಳನ್ನು ಅಲ್ಲಾಡಿಸುವಂಥದಲ್ಲ. ಸಕ್ಕರೆಯ ಒಂದು ಸಣ್ಣ ಅಚ್ಚಿನಷ್ಟು ಜಾಗದಲ್ಲಿ ಐದಾರು ಕಣಗಳಿದ್ದರೆ ಹೆಚ್ಚು. ಆದರೆ ವೇಗವು ಕ್ಷಣಕ್ಕೆ ಸುಮಾರು ೪೦೦ ಕಿಲೋಮೀಟರು. ಸೂರ್ಯನಿಂದ ನಮ್ಮಲ್ಲಿಗೆ ನಾಲ್ಕು ದಿನದ ಪ್ರಯಾಣ.

ಹರಿಯುವ ಹೊಳೆಯಲ್ಲಿ ನಿಂತ ಬಂಡೆಯನ್ನು ನೋಡಿದವರಿಗೆ ಮುಂದಿನದು ತಿಳಿಯುವುದು. ಈ ಗಾಳಿಗೆ ಭೂಮಿಯ ಅಯಸ್ಕಾಂತ ಕ್ಷೇತ್ರವೇ ಬಂಡೆ. ಸೂರ್ಯನಿಗೆ ಎದುರಾದ ಕಡೆಯಲ್ಲಿ ಸುಮಾರು ೬೦ ಸಾವಿರ ಕಿಲೋಮೀಟರು ದೂರದಲ್ಲಿಯೇ ಗಾಳಿಯು ತಡೆಯಲ್ಪಟ್ಟು ಎರಡು ಪಕ್ಕಗಳಿಗೂ ಸರಿಯುತ್ತದೆ. ಹಿಂಗಡೆಯಲ್ಲಿ ಕ್ಷೇತ್ರವು ಚಂದ್ರನ ದಾರಿಯನ್ನೂ ಮೀರಿ ಬಾಲವಾಗಿ ಎಳೆಯಲ್ಪಡುತ್ತದೆ. ಬಿರ್ಕೆಲೆಂಡನು ತಿಳಿದಂತೆ ಸೂರ್ಯನ ಕಣಗಳು ನೇರವಾಗಿ ಧ್ರುವಕ್ಕೆ ಬಂದು ಬೀಳುವುದಿಲ್ಲ. ಗಾಳಿಯ ಬಲವು ಮೊದಲು ಈ ಬಾಲದಲ್ಲಿ ಕೂಡಿಕೊಂಡು, ಅದು ಬಿಗಿದು ಹರಿದಾಗ ಕಣಗಳು ಭೂಮಿಯ ಕಡೆಗೆ ದೂಡಲ್ಪಟ್ಟು, ಗೆರೆಗಳನ್ನು ಹಿಡಿದು ಇಳಿಯುತ್ತವೆ. ನಡುವಣ ಎತ್ತರದಲ್ಲಿ ಆಮ್ಲಜನಕಕ್ಕೆ ತಾಗಿದರೆ ಹಸುರು ಬೆಳಕು. ಇನ್ನೂ ಮೇಲೆ, ೨೦೦ ಕಿಲೋಮೀಟರಿಗಿಂತ ಎತ್ತರದಲ್ಲಿ, ಕೆಂಪು. ಹಾನ್ಲೆಯವರಿಗೆ ಕೆಂಪು ಮಾತ್ರ ಕಂಡದ್ದು ಯಾಕೆಂದರೆ ದೂರದ ಆ ದೀಪದ ನೆತ್ತಿ ಮಾತ್ರ ಭೂಮಿಯ ಬಾಗಿನ ಮೇಲೆ ಎದ್ದಿತ್ತು. ಹಸುರಿನ ಭಾಗವು ಕೆಳಗೆ ಮರೆಯಾಗಿತ್ತು.

ಬಿರ್ಕೆಲೆಂಡನ ಪ್ರವಾಹಗಳ ಪಾಲಿಗೆ ಸಾಕ್ಷಿಯು ಸಿಕ್ಕಿದ್ದು ಇನ್ನೂ ತಡವಾಗಿ. ಅಮೇರಿಕದ ಒಂದು ಉಪಗ್ರಹವು ಧ್ರುವಪ್ರದೇಶದ ಮೇಲೆ ಹಾಯುವಾಗಲೆಲ್ಲಾ ಅದರ ಅಯಸ್ಕಾಂತ ಮಾಪಕವು ಅಡ್ಡಕ್ಕೆ ಕುಲುಕುತ್ತಿದ್ದುದನ್ನು ಜ್ಮೂಡಾ ಮತ್ತು ಸಂಗಡಿಗರು ೧೯೬೬ರಲ್ಲಿ ತಿಳಿಸಿದರು. ಗೆರೆಗಳ ಉದ್ದಕ್ಕೆ ಇಳಿದು ಏರುವ ಪ್ರವಾಹಗಳನ್ನು ಉಪಗ್ರಹವು ದಾಟುತ್ತಿರುವುದೇ ಇದಕ್ಕೆ ಕಾರಣವೆಂದು ಮರುವರುಷ ಕಮಿಂಗ್ಸ್ ಮತ್ತು ಡೆಸ್ಲರ್ ಎಂಬವರು ಗುರುತಿಸಿದರು. ಅದು ೧೯೬೭; ಆತನು ಹುಟ್ಟಿ ನೂರು ವರುಷ, ಸತ್ತು ಐವತ್ತು ವರುಷ. ೧೯೭೦ರ ದಶಕದಲ್ಲಿ ಟ್ರಯಾಡ್ ಎಂಬ ಉಪಗ್ರಹದಿಂದ ಆ ಪ್ರವಾಹಗಳ ನಕಾಶೆಯೇ ಸಿದ್ಧವಾಯಿತು. ದೊಡ್ಡ ಬಿರುಗಾಳಿಯ ಸಮಯದಲ್ಲಿ ಅವುಗಳ ಮೊತ್ತವು ಹತ್ತು ಲಕ್ಷ ಆಂಪಿಯರನ್ನೂ ಮೀರುತ್ತದೆ. ಇಂದು ಎಲ್ಲ ದೇಶಗಳ ಪುಸ್ತಕಗಳಲ್ಲಿಯೂ ಅವುಗಳಿಗೆ ಬಿರ್ಕೆಲೆಂಡ್ ಪ್ರವಾಹಗಳೆಂದೇ ಹೆಸರು.

ಅಯಸ್ಕಾಂತವಿಲ್ಲದ ಗ್ರಹದ ಗತಿಯೇನೆಂದು ಕೇಳುವವರಿಗೆ ಮಂಗಳನನ್ನು ತೋರಿಸುವುದು ವಾಡಿಕೆ. ಸುಮಾರು ೪೦೦ ಕೋಟಿ ವರುಷಗಳ ಹಿಂದೆ ಅದರ ಅಯಸ್ಕಾಂತ ಕ್ಷೇತ್ರವು ನಂದಿಹೋಯಿತು. ಸೌರಮಾರುತವು ಅದರ ವಾಯುವಿಗೇ ತಾಗುತ್ತದೆ. ೨೦೧೪ರಲ್ಲಿ ಮಂಗಳನನ್ನು ಸೇರಿದ ಮೇವನ್ ಎಂಬ ಅಮೇರಿಕದ ನೌಕೆಯು, ಅದರ ವಾಯುವು ಕ್ಷಣಕ್ಕೆ ಸುಮಾರು ೧೦೦ ಗ್ರಾಮಿನಂತೆ ಹಾರಿಹೋಗುತ್ತಿದೆಯೆಂದು ಅಳೆಯಿತು. ಆದರೆ ಅಯಸ್ಕಾಂತವೊಂದೇ ಕಾಪಾಡುವುದೆಂದು ಪರೀಕ್ಷೆಯಲ್ಲಿ ಬರೆದರೆ ಪೂರ್ತಿ ಅಂಕ ಕೊಡಲಾರೆವು. ಶುಕ್ರನಿಗೂ ಸ್ವಂತ ಅಯಸ್ಕಾಂತವಿಲ್ಲ, ಅದರ ವಾಯುವೋ ನಮ್ಮದಕ್ಕಿಂತ ತೊಂಬತ್ತು ಪಾಲು ಭಾರವಾದದ್ದು. ಗ್ರಹದ ತೂಕವೂ ಗಾತ್ರವೂ ಲೆಕ್ಕಕ್ಕೆ ಬರುತ್ತವೆ. ಈ ಗಾಳಿಯನ್ನು ಅದು ನಮ್ಮನ್ನು ತಾಗುವ ಮೊದಲೇ ಅಳೆಯುವುದಕ್ಕೆ ನಮ್ಮ ದೇಶದ ಆದಿತ್ಯ ಎಲ್ ೧ ನೌಕೆಯು ೨೦೨೩ನೆಯ ಇಸವಿ ಸಪ್ಟಂಬರ ೨ರಂದು ಹೊರಟು, ಸೂರ್ಯನ ಕಡೆಗೆ ೧೫ ಲಕ್ಷ ಕಿಲೋಮೀಟರು ದೂರದಲ್ಲಿ ನೆಲೆನಿಂತಿತು. ಸೂರ್ಯನ ಹೊರಗಣ ಪ್ರಭಾವಲಯವನ್ನು ನೋಡುವ ಅದರ ದೊಡ್ಡ ಉಪಕರಣವನ್ನು ಕಟ್ಟಿದ್ದು ಬೆಂಗಳೂರಿಗೆ ಅಷ್ಟೇನೂ ದೂರವಿಲ್ಲದ ಹೊಸಕೋಟೆಯಲ್ಲಿ.

ನಾರ್ವೆಯವರು ೧೯೯೪ರಲ್ಲಿ ತಮ್ಮ ೨೦೦ ಕ್ರೋನರ್ ನೋಟಿನ ಮೇಲೆ ಬಿರ್ಕೆಲೆಂಡನ ಮುಖವನ್ನು ಅಚ್ಚುಮಾಡಿದರು. ೨೦೧೭ರಲ್ಲಿ ಬಂದ ಹೊಸ ನೋಟಿನಲ್ಲಿ ಆತನ ಬದಲಿಗೆ ಒಂದು ಮೀನು ಇದೆ. ಹಾಲ್ದೆಯ ಕಲ್ಲುಮನೆಯನ್ನು ೧೯೪೪ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನ್ಯವು ಸುಟ್ಟುಹಾಕಿತು. ಅದನ್ನು ಮುಂದೆ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಆತನ ಗಾಜಿನ ಪೆಟ್ಟಿಗೆಗಳಲ್ಲೊಂದು ಬಹುಕಾಲ ಧೂಳು ಹಿಡಿದು ಬಿದ್ದಿತ್ತು. ೧೯೯೦ರ ದಶಕದಲ್ಲಿ ಉತ್ತರ ನಾರ್ವೆಯ ತ್ರೋಮ್ಸೋ ಪಟ್ಟಣದಲ್ಲಿ ಅದನ್ನು ದುರಸ್ತುಮಾಡಿ, ಗಾಳಿಯನ್ನು ಹೀರಿ ತೆಗೆದು, ಕೊಠಡಿಯನ್ನು ಕತ್ತಲು ಮಾಡಿ ವಿದ್ಯುತ್ತನ್ನು ಹಾಯಿಸಿದರು. ಗೋಲದ ಎರಡು ಧ್ರುವಗಳ ಸುತ್ತಲೂ ಬೆಳಕಿನ ಬಳೆಗಳು ಮೊದಲಿನಂತೆಯೇ ಮೂಡಿದವು.